ಶತ್ರುವಿನ ಆಯುಷ್ಯಕ್ಕೊಂದು ಹಳದಿ ಬತ್ತಿ

ಪ್ರತಿ ಮಂಗಳವಾರ ಸಂಜೆ ಹೊಲಿಗೆ ಕಾರ್ಖಾನೆ ಬಿಟ್ಟ ಕೂಡಲೇ ಬಸೀಲಿಯಾ ಅಹಾನೆಲ್ ಯೂನಿಯನ್ ಬೀದಿಯ ಮೂಲೆಯ ಸಾನ್ ಸಿಮೋನನ ಗುಡಿಗೆ ಹೋಗಿ, ತನ್ನ ಗಂಡನನ್ನು ಕೊಲ್ಲಿಸಿದವನ ಆಯುರಾರೋಗ್ಯಕ್ಕಾಗಿ ಒಂದು ಹಳದಿ ಮೇಣದಬತ್ತಿ ಹಚ್ಚಿ ಬರುತ್ತಿದ್ದಳು. ಒಂಬತ್ತು ವರ್ಷದಲ್ಲಿ ಒಂದು ವಾರವೂ ತಪ್ಪಿರಲಿಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದು ಹೋಗಿದ್ದಳು. ತನ್ನ ಜ್ವರಕ್ಕೆ ಬತ್ತಿ ಹಚ್ಚುವುದು ಮಾತ್ರ ಅವಳಿಗೆ ನೆನಪಾಗಿರಲಿಲ್ಲ.

ಗುಡಿ ಎಂದರೆ ನಿಕಾಸಿಯೋನ ಗಿಡಮೂಲಿಕೆ ಅಂಗಡಿಯ ಹಿಂದಿನ ಕೋಣೆ. ಕರಿ ಕೋಟು ತೊಟ್ಟು, ಅಗಲ ಟೋಪಿ ಇಟ್ಟು, ಬಾಯಲ್ಲಿ ಚುಟ್ಟ ಕಚ್ಚಿಕೊಂಡು ಕುರ್ಚಿಯ ಮೇಲೆ ಕೂತಿರುವ ಸಾನ್ ಸಿಮೋನ್ ಉಳಿದ ಸಂತರ ಹಾಗೆ ಮುಖ ಗಂಟಿಕ್ಕುವವನಲ್ಲ. ಸಾರಾಯಿ ಕೊಟ್ಟರೆ ಕುಡಿಯುತ್ತಾನೆ, ಯಾರ ಕೆಲಸವನ್ನಾದರೂ ಮಾಡಿಕೊಡುತ್ತಾನೆ. ಆದರೆ ಅವನ ಕಚೇರಿಯಲ್ಲೂ ಶಿಸ್ತಿದೆ. ಪ್ರೀತಿಗೆ ಕೆಂಪು ಬತ್ತಿ, ವ್ಯಾಪಾರಕ್ಕೆ ಹಸಿರು, ಮಕ್ಕಳಿಗೆ ಬಿಳಿ, ದೊಡ್ಡವರ ರಕ್ಷಣೆಗೆ ಹಳದಿ, ಶತ್ರುವಿಗೆ ಕಪ್ಪು. ಅರ್ಜಿ ಹಾಕಿದ ದಿನವೇ ವಿಚಾರಣೆ. ಈ ಒಂದು ಕಾರಣಕ್ಕೇ ಅಮೆರಿಕಕ್ಕೆ ಬಂದು ಆ ಬೀದಿಯಲ್ಲಿ ನೆಲೆಸಿದ ಗ್ವಾಟೆಮಾಲದವರಿಗೆ ಕೋರ್ಟಿಗಿಂತ ಅವನ ಮೇಲೆ ನಂಬಿಕೆ ಹೆಚ್ಚು.

ಅವಳು ಮೊದಲ ಸಲ ಹಳದಿ ಬತ್ತಿ ಕೇಳಿದ ದಿನ ನಿಕಾಸಿಯೋ ತಡೆದಿದ್ದ.

"ಅಕ್ಕಾ, ಬಣ್ಣ ತಪ್ಪಿದ್ದೀರಿ. ನೀವು ಯಾವಾಗ್ಲೂ ತಗೊಳ್ಳೋದು ಕರಿಯದು."

"ಗೊತ್ತು ಕಣಯ್ಯಾ. ಇವತ್ತು ರಕ್ಷಣೆ ಬೇಕು."

"ಯಾರಿಗೆ?"

"ದೋನ್ ಅಬೆಲೀನೋಗೆ."

"ನಾಲ್ಕು ವರ್ಷದಿಂದ ಕೈಕಾಲು ಬಿದ್ದುಹೋಗ್ಲಿ ಅಂತ ಬೇಡ್ಕೊಳ್ತಾ ಇದ್ರಲ್ಲ, ಆ ಅಬೆಲೀನೋಗಾ?"

"ಅವನಿಗೇ. ಈಗ ನೆಟ್ಟಗಿರ್ಲಿ. ಸಂತನಿಗೆ ಹೇಳು, ಹಳೇ ಅರ್ಜಿಗಳನ್ನೆಲ್ಲ ವಾಪಸ್ ತಗೊಂಡಿದ್ದೀನಿ."

"ಇಲ್ಲಿ ವಾಪಸ್ ತಗೊಳ್ಳೋ ಪದ್ಧತಿ ಇಲ್ವಲ್ಲಕ್ಕಾ," ಎಂದು ನಿಕಾಸಿಯೋ ತಲೆ ಕೆರೆದುಕೊಂಡ. ಆದರೂ ಬತ್ತಿ ಕೊಟ್ಟ.

ಬಣ್ಣ ಬದಲಾಯಿಸಿದ್ದು ವಕೀಲೆ ಹಾಲೊರನ್. ಬಡವರ ಕೇಸುಗಳನ್ನು ಪುಕ್ಕಟೆ ನಡೆಸುವ ಸಂಸ್ಥೆಯವಳು, ಒಳ್ಳೆಯವಳು, ಮೇಜಿನ ಮೇಲಿನ ಕಡತಗಳ ಹಿಂದೆ ಅವಳ ಮುಖ ಹುಡುಕಬೇಕು. ಆ ದಿನ ಬಸೀಲಿಯಾಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು.

"ನೋಡಿ, ನಿಮ್ಮ ಕೇಸು ನಿಂತಿರೋದು ಭಯದ ಮೇಲೆ. ವಾಪಸ್ ಹೋದ್ರೆ ಆ ಮನುಷ್ಯ ನಿಮ್ಮನ್ನ ಬಿಡಲ್ಲ ಅನ್ನೋ ಭಯ."

"ಬಿಡಲ್ಲ."

"ಅವನೇ ಸತ್ತುಹೋದ್ರೆ, ಇನ್ನು ಭಯ ಎಲ್ಲಿದೆ, ಹೋಗಿ ಅಂತಾರೆ ಸರ್ಕಾರದವರು. ನಿಮ್ಮನ್ನೂ, ಮಗಳನ್ನೂ. ಹಾಗಾಗಿ ವಿಚಾರಣೆ ಆಗೋ ತನಕ ಅವನು ಬದುಕಿದ್ರೆ ಒಳ್ಳೇದು."

"ವಿಚಾರಣೆ ಯಾವಾಗ?"

ವಕೀಲೆ ಕಾಗದ ನೋಡಿದಳು. ಆಮೇಲೆ ಕಿಟಕಿ ನೋಡಿದಳು. "ಅವನಿಗೆ ಈಗ ವಯಸ್ಸೆಷ್ಟು?" ಎಂದು ಕೇಳಿದಳು.

ಎಪ್ಪತ್ನಾಲ್ಕು ಎಂದಾಗ ಅವಳ ಮುಖ ಸಣ್ಣಗಾಯಿತು.

ಬಸೀಲಿಯಾಳ ಊರು ಗ್ವಾಟೆಮಾಲದ ತೊತೊನಿಕಪಾನ್ ಬೆಟ್ಟಗಳಲ್ಲಿರುವ ಚುಯಾಬಾಜ್. ಅಲ್ಲಿ ಊರಿನ ಚಿಲುಮೆ ಕಾಯುವುದು ಸಂಬಳವಿಲ್ಲದ ಸರದಿ ಸೇವೆ. ಆ ವರ್ಷದ ಸರದಿ ಅವಳ ಗಂಡ ಲೊರೆನ್ಸೋನದು. ಊರವರು ದೋನ್, ಅಂದರೆ ಯಜಮಾನ, ಎಂದು ಕರೆಯುವ ಸಾಹುಕಾರ ಅಬೆಲೀನೋ ಚಿಲುಮೆಯ ನೀರನ್ನು ತನ್ನ ತೋಟಕ್ಕೆ ಎಳೆದುಕೊಳ್ಳಲು ಕೊಳವೆ ಹಾಕಿಸಿದ. ಲೊರೆನ್ಸೋ ಕಿತ್ತು ಹಾಕಿದ. ಮೂರನೆಯ ದಿನ ಬೆಳಿಗ್ಗೆ ಲೊರೆನ್ಸೋ ಅದೇ ಚಿಲುಮೆಯ ಬಳಿ ಗುಂಡೇಟು ತಿಂದು ಬಿದ್ದಿದ್ದ. ಊರಿಗೆ ಊರೇ ಏನೂ ಕಾಣಲಿಲ್ಲ. ಬಸೀಲಿಯಾ ಒಬ್ಬಳು ಕಂಡಿದ್ದಳು, ಪೊಲೀಸರ ಮುಂದೆ ಹೆಸರು ಹಿಡಿದು ಹೇಳಿದಳು. ಗಂಡನನ್ನು ಮಣ್ಣು ಮಾಡುವಾಗ ಊರ ಪದ್ಧತಿಯಂತೆ ಅವನ ಎಡಕ್ಕೆ ಅವಳಿಗೆಂದು ಒಂದಾಳಿನ ಜಾಗ ಬಿಟ್ಟು ಎರಡು ಕಲ್ಲು ಇಟ್ಟಿದ್ದರು. ವಾರದೊಳಗೆ ಅವಳ ಮನೆ ಸುಟ್ಟು ಬೂದಿಯಾಯಿತು. ಆ ಎರಡು ಕಲ್ಲಿನ ನಡುವೆ ತನ್ನನ್ನು ಮಲಗಿಸಲು ಅವಸರ ಮಾಡುವವರಿದ್ದಾರೆಂದು ಗೊತ್ತಾದ ಮೇಲೆ, ಐದು ವರ್ಷದ ಮಗಳು ದೆಲ್ಫೀನಾಳನ್ನು ಬೆನ್ನಿಗೆ ಕಟ್ಟಿಕೊಂಡು ಬಡಗಣಕ್ಕೆ ಹೊರಟುಬಿಟ್ಟಳು.

ಅಮೆರಿಕದ ವಲಸೆ ಕೋರ್ಟು ಅವಳನ್ನು ಗೌರವದಿಂದಲೇ ಬರಮಾಡಿಕೊಂಡು ಕೂರಿಸಿತು. ಕೂರಿಸಿದ್ದು ಹದಿಮೂರು ವರ್ಷ.

ಮೊದಲ ನ್ಯಾಯಾಧೀಶನನ್ನು ಗಡಿಯಲ್ಲಿ ಕೇಸುಗಳು ಕೊಳೆಯುತ್ತಿವೆಯೆಂದು ಗಡಿಗೆ ಕಳಿಸಿದರು; ಅವನು ಬಿಟ್ಟು ಹೋದ ಕೇಸುಗಳು ಇಲ್ಲಿ ಕೊಳೆತವು. ಆಮೇಲೆ ಹೊಸಬರ ಕೇಸು ಮೊದಲು ಎಂಬ ಸುಧಾರಣೆ ಬಂತು, ಬಸೀಲಿಯಾ ಹಳಬಳಾಗಿದ್ದಳು. ನಾಲ್ಕು ವರ್ಷ ಕಳೆದು ಹಳಬರ ಕೇಸು ಮೊದಲು ಎಂಬ ಸುಧಾರಣೆ ಬಂತು. ಅಷ್ಟರಲ್ಲಿ ಅವಳ ಕಡತವನ್ನು ಬೇರೆ ಮಹಡಿಗೆ ಸಾಗಿಸಿದ್ದರಿಂದ ಕಂಪ್ಯೂಟರಿನ ಪ್ರಕಾರ ಅವಳು ಹೊಸಬಳು. ಒಂದು ಚಳಿಗಾಲ ಸರ್ಕಾರವೇ ಬಾಗಿಲು ಹಾಕಿಕೊಂಡು ಮಲಗಿತು. ಆಮೇಲೆ ಕೊರೊನಾ. ಆಮೇಲಿನ ನ್ಯಾಯಾಧೀಶರಲ್ಲಿ ಒಬ್ಬ ನಿವೃತ್ತನಾದ, ಒಬ್ಬಳು ಬಾಣಂತನಕ್ಕೆ ಹೋದಳು, ಒಬ್ಬನಿಗೆ ವರ್ಗವಾಯಿತು. ಐದನೆಯವನನ್ನು ಒಂದು ಇ-ಮೇಲ್ ಬೆಳಿಗ್ಗೆ ಹನ್ನೊಂದಕ್ಕೆ ಕೆಲಸದಿಂದ ತೆಗೆಯಿತು. ಆಗ ಬಸೀಲಿಯಾ ಒಗೆದ ಉಯಿಪಿಲ್ ರವಿಕೆ ತೊಟ್ಟು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಅವಳ ಸರದಿ ಹನ್ನೊಂದೂ ಕಾಲಿಗಿತ್ತು.

ಸುಧಾರಣೆ ಆಗಲೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಕಾಯುವ ಕೋಣೆಗೆ ಹೊಸ ಕುರ್ಚಿ ಬಂದವು. ನಿಮ್ಮ ಸಮಯ ನಮಗೆ ಅಮೂಲ್ಯ ಎಂದು ಎಂಟು ಭಾಷೆಗಳಲ್ಲಿ ಹೇಳುವ ಪರದೆ ಬಂತು. ಅವಳ ಕಿಚೆ ಭಾಷೆ ಆ ಎಂಟರಲ್ಲಿ ಇರಲಿಲ್ಲ. ಬಾಕಿ ಕೇಸು ಎಂಬ ಮಾತು ಜನರಿಗೆ ನೋವು ಕೊಡುತ್ತದೆಂದು ತಜ್ಞರು ಕಂಡುಕೊಂಡು ಅವನ್ನು ಪ್ರಗತಿಯಲ್ಲಿರುವ ಕೇಸುಗಳು ಎಂದು ಕರೆದರು. ಆ ವರ್ಷ ಪ್ರಗತಿ ಇಮ್ಮಡಿಯಾಯಿತು.

ಇತ್ತ ಕೋರ್ಟು ತಾರೀಕು ಮುಂದೆ ಹಾಕಿದಷ್ಟೂ ಅತ್ತ ದೋನ್ ಅಬೆಲೀನೋ ಮುದುಕನಾಗುತ್ತ ಹೋದ. ಅವನ ಸುದ್ದಿ ಕೊಡುವವಳು ಊರಲ್ಲೇ ಉಳಿದ ತಂಗಿ ತೊಮಾಸಾ. ಭಾನುವಾರ ಬೆಳಿಗ್ಗೆ ಫೋನು.

"ಹೇಗಿದ್ದಾನೆ?"

"ಯಾರು, ನಿನ್ನ ಮುದ್ದಿನ ಮುದುಕನಾ? ಸಕ್ಕರೆ ಮುನ್ನೂರಂತೆ. ಮೊನ್ನೆ ಚರ್ಚಲ್ಲಿ ಎರಡು ಸಿಹಿ ತಮಾಲೆ ತಿಂದ."

"ಎರಡಾ! ಯಾರೂ ತಡೀಲಿಲ್ವಾ?"

"ನಾನೇ ಮೂರನೇದು ಬಡಿಸಿ ಬಂದೆ."

"ಅಯ್ಯೋ ಪಾಪಿ! ಅವನು ಸತ್ರೆ ನಾನು ಸತ್ತೆ ಕಣೇ!"

"ನಿಮ್ಮ ದೇಶದ ನ್ಯಾಯ ನಂಗೆ ಅರ್ಥ ಆಗಲ್ಲಕ್ಕಾ. ಕೊಂದೋನು ಸತ್ರೆ ಹಬ್ಬ ಮಾಡ್ಬೇಕು. ನೀನು ಅವನ ಬಾಯಿ ಒರೆಸು ಅಂತೀಯ."

ಬಸೀಲಿಯಾ ಬಾಯಿ ಒರೆಸುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದಳು. ಸಕ್ಕರೆ ಕಾಯಿಲೆಯವರು ತೊಡುವ ಮೆತ್ತನೆಯ ಕಾಲುಚೀಲ, ರಕ್ತ ಪರೀಕ್ಷೆಯ ಪಟ್ಟಿಗಳು, ಸಕ್ಕರೆಯಿಲ್ಲದ ಬಿಸ್ಕತ್ತು. ಊರಿಗೆ ಹೋಗುವವರ ಚೀಲದಲ್ಲಿ ತುರುಕಿ ಕಳಿಸುತ್ತಿದ್ದಳು. ತೊಮಾಸಾ ಹಲ್ಲು ಮಸೆಯುತ್ತಲೇ ಅದನ್ನು ಆರೋಗ್ಯ ಕೇಂದ್ರದ ನರ್ಸಿಗೆ ಒಯ್ದು ಕೊಟ್ಟು, ಬಡಗಣದ ಯಾವುದೋ ಚರ್ಚಿನ ದಾನವೆಂದು ಹೇಳಿ, ಮನೆಗೆ ಬಂದು ಕರಿ ಬತ್ತಿ ಹಚ್ಚುತ್ತಿದ್ದಳು. ಅಕ್ಕನ ಹಳದಿ ಇಲ್ಲಿಂದ, ತಂಗಿಯ ಕಪ್ಪು ಅಲ್ಲಿಂದ. ನಡುವೆ ಸಿಕ್ಕಿದ ಸಂತನೂ ತಾರೀಕು ಮುಂದೆ ಹಾಕುವುದನ್ನು ಕಲಿತಿರಬೇಕು; ಮುದುಕ ಸಾಯಲೂ ಇಲ್ಲ, ಚೇತರಿಸಿಕೊಳ್ಳಲೂ ಇಲ್ಲ.

ದೆಲ್ಫೀನಾ ಬೆಳೆದು ಹದಿನೆಂಟಾಯಿತು. ಶಾಲೆಯ ಕೊನೆಯ ವರ್ಷ. ಚುಯಾಬಾಜ್ ಎಂದರೆ ಅವಳಿಗೆ ಹೊಗೆಯ ವಾಸನೆ ಮತ್ತು ಒಂದು ಕೆಂಪು ಕೋಳಿ, ಅಷ್ಟೇ ನೆನಪು.

"ಬೇರೆಯವರ ಅಮ್ಮಂದಿರ ಪರ್ಸಲ್ಲಿ ಮಗಳ ಫೋಟೋ ಇರತ್ತೆ," ಎಂದು ಛೇಡಿಸುತ್ತಿದ್ದಳು. "ನಿನ್ನ ಪರ್ಸಲ್ಲಿ ಅವನ ಸಕ್ಕರೆ ಎಷ್ಟು ಅಂತ ವಾರವಾರ ಬರ್ಕೊಂಡ ಚೀಟಿ."

"ಅವನ ಸಕ್ಕರೆ ಸರಿಯಿದ್ರೆ ನಿನ್ನ ಶಾಲೆ ಕಣೇ. ನಗ್ಬೇಡ."

ಮಗಳು ನಗುವುದನ್ನು ನಿಲ್ಲಿಸುತ್ತಿದ್ದಳು. ಅವಳಿಗೂ ಅದು ಗೊತ್ತಿತ್ತು.

ಹೀಗಿರುವಾಗ ಮಾರ್ಚ್ ಮೊದಲ ವಾರದಲ್ಲಿ ಒಂದು ಕಾಗದ ಬಂತು. ಎರಡು ಸಾವಿರದ ಇಪ್ಪತ್ತೊಂಬತ್ತರ ಅಕ್ಟೋಬರಿಗೆ ಇಟ್ಟಿದ್ದ ಅವಳ ವಿಚಾರಣೆ ಈಗ ಇದೇ ತಿಂಗಳ ಇಪ್ಪತ್ನಾಲ್ಕನೇ ತಾರೀಕು, ಮಂಗಳವಾರಕ್ಕೆ. ಹೊಸ ಸುಧಾರಣೆಯ ಹೆಸರು ಚುರುಕು ನ್ಯಾಯ. ಹದಿಮೂರು ವರ್ಷ ಕಾಯಿಸಿದವರಿಗೆ ಈಗ ಹದಿಮೂರು ವಾರ ಕೊಡಲೂ ಪುರುಸೊತ್ತಿಲ್ಲ. ಪ್ರತಿ ಕೇಸಿಗೆ ಹದಿನೈದು ನಿಮಿಷ, ಗಡಿಯಾರ ಇಟ್ಟು.

"ಅವನು ಬದುಕಿದ್ದಾನೆ ಅಂತ ಕಾಗದ ಬೇಕು," ಎಂದಳು ಹಾಲೊರನ್. "ಎಂಬತ್ಮೂರು ವಯಸ್ಸು, ಕಾಯಿಲೆ. ಸತ್ತಿರ್ಬೇಕು ಅಂತ ಅವರು ವಾದ ಮಾಡೇ ಮಾಡ್ತಾರೆ. ಯಾವ್ದಾದ್ರೂ ಕಾಗದ, ಬೇಗ."

ಬಸೀಲಿಯಾ ಕೋರ್ಟಿನ ನೋಟೀಸಿನ ಫೋಟೋ ತೆಗೆದು ತಂಗಿಗೆ ಕಳಿಸಿ, ಫೋನು ಮಾಡಿದಳು. ಕಾಗದದ ಮಾತು ಬಂದರೆ ಚುಯಾಬಾಜ್‌ನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಲ್ಲಿ ಕೋಳಿ ಕಳೆದರೂ, ಮದುವೆ ಮುರಿದರೂ, ಮುರಿದ ಮದುವೆ ಮತ್ತೆ ಕೂಡಿದರೂ ಊರ ಕಚೇರಿಯ ದೊಡ್ಡ ಪುಸ್ತಕದಲ್ಲಿ ಬರೆಸಿ, ಹೆಬ್ಬೆಟ್ಟು ಒತ್ತಿಸಿ, ಮೊಹರು ಹಾಕಿಸಬೇಕು. ಅದಕ್ಕೆ ಆಕ್ತಾ ಎನ್ನುತ್ತಾರೆ. ಆಕ್ತಾ ಆದ ಮೇಲೆ ಜಗಳ ಮುಗಿಯಿತು. ಆಕ್ತಾ ಇಲ್ಲದ್ದು ನಡೆದೇ ಇಲ್ಲ. ಮನುಷ್ಯ ಬದುಕಿದ್ದಾನೆ ಎಂಬುದಕ್ಕೂ ಒಂದು ಆಕ್ತಾ ಇದೆ, ಪಿಂಚಣಿಯ ಮುದುಕರೆಲ್ಲ ವರ್ಷಕ್ಕೊಮ್ಮೆ ಹೋಗಿ ಮಾಡಿಸಿಕೊಳ್ಳುತ್ತಾರೆ.

ನಾಲ್ಕೇ ದಿನಕ್ಕೆ ತೊಮಾಸಾಳ ಫೋನು ಬಂತು.

"ಆಯ್ತಕ್ಕಾ! ಆರು ಮೊಹರು ಹಾಕ್ಸಿದ್ದೀನಿ. ಎರಡು ಸಾಕು ಅಂದ್ರು, ನಾನು ಬಿಡ್ಲಿಲ್ಲ. ಫೋಟೋ ಕಳ್ಸಿದ್ದೀನಿ ನೋಡು."

ದೆಲ್ಫೀನಾ ಫೋಟೋವನ್ನು ಹಿಗ್ಗಿಸಿ ನೋಡಿದಳು. "ಹೆಬ್ಬೆಟ್ಟು ಕಾಣ್ತಿದೆ, ಮೊಹರು ಕಾಣ್ತಿದೆ. ಮೊಹರಿನ ಅಡಿಯಲ್ಲಿ ಅಕ್ಷರ ಕಾಣ್ತಿಲ್ಲ. ಚಿಕ್ಕಮ್ಮಾ, ಅಸಲು ಕಾಗದ ವಕೀಲೆಗೆ ಕಳ್ಸಿದ್ದೀರಾ?"

"ವಕೀಲೆಗೆ ಯಾಕೆ? ನೋಟೀಸಲ್ಲಿ ಇತ್ತಲ್ಲ ವಿಳಾಸ, ಕೋರ್ಟಿಗೇ ಕಳ್ಸಿದ್ವಿ, ಜರೂರು ಅಂಚೇಲಿ. ಊರ ಕಚೇರಿ ಕಾರ್ಯದರ್ಶಿ ಹೇಳಿದ್ರು, ನ್ಯಾಯಾಧೀಶರ ಕಾಗದ ನ್ಯಾಯಾಧೀಶರ ಕೈಗೇ ಹೋಗ್ಬೇಕು, ನಡುವೆ ಇನ್ನೊಬ್ಬರಿಗೆ ಕೊಡೋದು ಮರ್ಯಾದೆ ಅಲ್ಲ ಅಂತ."

ದೆಲ್ಫೀನಾ ಹಣೆ ಹಣೆ ಚಚ್ಚಿಕೊಂಡಳು. ಬಸೀಲಿಯಾಗೆ ಅದರಲ್ಲಿ ತಪ್ಪೇನೆಂದು ತಿಳಿಯಲಿಲ್ಲ. ಅವಳಾದರೂ ಹಾಗೇ ಮಾಡುತ್ತಿದ್ದಳು.

"ಅದ್ರಲ್ಲಿ ಏನು ಬರ್ದಿದ್ದಾರೆ ತೊಮಾಸಾ?"

"ಓದಕ್ಕೆ ನಂಗೇನು ಬರತ್ತೆ? ನಾನು ಹೊರಗೆ ಜಗಲಿ ಮೇಲಿದ್ದೆ, ಮುದುಕ ಒಳಗೆ ಕೂತು ಬರೆಸ್ದ. ಬದುಕಿದ್ದೀನಿ ಅಂತ ಬರೆಸಿರ್ತಾನೆ, ಇನ್ನೇನು? ಮೊದಲು ಬರಲ್ಲ ಅಂದಿದ್ದ. ನೀನು ಕೇಳ್ತಿದ್ದೀಯ ಅಂತ ಕಾರ್ಯದರ್ಶಿ ಬಾಯಿ ಬಿಟ್ಟ ಮೇಲೆ ಕೋಲು ಊರ್ಕೊಂಡು ತಾನೇ ಓಡಿ ಬಂದ." ತೊಮಾಸಾಳ ದನಿ ತಗ್ಗಿತು. "ಹೊರಗೆ ಬಂದವನು ನಗ್ತಿದ್ದ ಅಕ್ಕಾ. ಈ ಕಾಲುಚೀಲಾನೂ ನಿಮ್ಮಕ್ಕಂದೇನಾ ಅಂತ ಕೇಳ್ದ."

ಬಸೀಲಿಯಾ ಮಗಳ ಕೈಯಿಂದ ಫೋಟೋವನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡಳು. ಆ ನಗು ಅವಳಿಗೆ ಗೊತ್ತಿತ್ತು.

ವಿಳಾಸ ಬದಲಾಯಿತೆಂದು ಅವಳು ನಾಲ್ಕು ಸಲ ಕೊಟ್ಟ ಅರ್ಜಿಯನ್ನು ನಾಲ್ಕು ಸಲವೂ ಕಳೆದುಹಾಕಿದ್ದ ಕೋರ್ಟು, ಬೆಟ್ಟದ ಮೇಲಿನ ಹಳ್ಳಿಯಿಂದ ವಕೀಲರ ಕೈ ತಪ್ಪಿಸಿ ಬಂದ ಈ ಒಂದು ಕಾಗದವನ್ನು ಮಾತ್ರ ಕಣ್ಣಿಗೊತ್ತಿಕೊಂಡು ಕಡತಕ್ಕೆ ಸೇರಿಸಿತು.

ಇಪ್ಪತ್ನಾಲ್ಕರ ಬೆಳಿಗ್ಗೆ ಆರನೆಯ ನ್ಯಾಯಾಧೀಶ ವಿಟ್‌ಲಾಕ್ ಕೂತಿದ್ದ. ಅರವತ್ತು ದಾಟಿದವನು, ಕಣ್ಣ ಕೆಳಗೆ ಚೀಲ. ಅಂದು ಊಟಕ್ಕೆ ಮುಂಚೆ ಅವನಿಗೆ ಹನ್ನೊಂದು ಕೇಸುಗಳಿದ್ದವು. ಮೇಜಿನ ಮೇಲೆ ಕೆಂಪು ಅಂಕಿಗಳ ಗಡಿಯಾರ ಹದಿನೈದರಿಂದ ಹಿಂದಕ್ಕೆ ಓಡುತ್ತಿತ್ತು. ಬೇರೆ ಯಾವುದೋ ರಾಜ್ಯದಲ್ಲಿ ಕೂತ ದುಭಾಷಿ ಹೆಂಗಸೊಬ್ಬಳ ದನಿ ಫೋನಿನ ಡಬ್ಬಿಯಿಂದ ಕಿಚೆಯಲ್ಲಿ ಬರುತ್ತಿತ್ತು. ಬಸೀಲಿಯಾಳ ಒಂದು ಪಕ್ಕ ಹಾಲೊರನ್, ಹಿಂದಿನ ಬೆಂಚಿನಲ್ಲಿ ದೆಲ್ಫೀನಾ.

ಹೆಸರು, ಹುಟ್ಟಿದ ದಿನ, ಊರು ಕೇಳುವುದರಲ್ಲೇ ನಾಲ್ಕು ನಿಮಿಷ ಹೋಯಿತು. ಆಮೇಲೆ ಸರ್ಕಾರದ ವಕೀಲ ಎದ್ದ. ಮೂವತ್ತು ದಾಟದ ಹುಡುಗ, ಸ್ಪ್ಯಾನಿಶ್ ಬಲ್ಲವನು, ಅಂದು ಬೆಳಿಗ್ಗೆಯಷ್ಟೇ ಈ ಕೇಸು ಅವನ ಕೈಗೆ ಬಂದಿತ್ತು. ಕೈಯಲ್ಲಿ ಆರು ಮೊಹರಿನ ಕಾಗದ.

"ಸ್ವಾಮಿ, ಇದು ನೇರವಾಗಿ ಕೋರ್ಟಿಗೆ ಬಂದಿದೆ. ಊರಿನ ಅಧಿಕಾರಿಗಳ ಮುಂದೆ ಬರೆಸಿದ್ದು. ಅರ್ಜಿದಾರರ ತಂಗಿಯೇ ಮಾಡಿಸಿದ್ದು."

ಹಾಲೊರನ್ ತನಗೆ ಪ್ರತಿ ಕೊಟ್ಟಿಲ್ಲವೆಂದು ತಕರಾರು ತೆಗೆದಳು. ವಿಟ್‌ಲಾಕ್ ಗಡಿಯಾರ ನೋಡಿ, ಓದಿ, ಕೇಳೋಣ, ಎಂದ.

"ದೋನ್ ಅಬೆಲೀನೋ ಸಿಫುವೆಂತೆಸ್ ಎಂಬ ನಾನು ಜೀವಂತವಾಗಿದ್ದೇನೆ," ಎಂದು ಹುಡುಗ ಓದಿದ. ದುಭಾಷಿ ಹಿಂಬಾಲಿಸಿದಳು. "ಬಸೀಲಿಯಾ ಅಹಾನೆಲ್ ಕಳಿಸಿದ ಕಾಲುಚೀಲ, ಔಷಧಿ, ಬಿಸ್ಕತ್ತುಗಳಿಗಾಗಿ ವಂದನೆ. ಅವಳು ನನ್ನ ಮೇಲೆ ಪೊಲೀಸರಿಗೆ ಹೇಳಿದ ಮಾತನ್ನು ಕ್ಷಮಿಸಿದ್ದೇನೆ."

ಕ್ಷಮಿಸಿದ್ದಾನಂತೆ! ಬಸೀಲಿಯಾಳ ಕಿವಿ ಬಿಸಿಯಾಯಿತು. ಕೊಂದವನು ಕ್ಷಮಿಸಿದ್ದಾನೆ, ಹೆಬ್ಬೆಟ್ಟು ಒತ್ತಿ.

"ನೀವು ಈ ಮನುಷ್ಯನಿಗೆ ಹೆದರ್ತೀರಾ?" ಎಂದು ಹುಡುಗ ಅವಳ ಕಡೆ ತಿರುಗಿದ.

"ಹೌದು."

"ಹೆದರೋ ಮನುಷ್ಯನಿಗೆ ಯಾರಾದ್ರೂ ಕಾಲುಚೀಲ ಕಳಿಸ್ತಾರಾ?"

ಹಾಲೊರನ್ ಬಾಯಿ ತೆರೆದಳು. ಅಷ್ಟರಲ್ಲಿ ನ್ಯಾಯಾಧೀಶನೇ ಮುಂದಕ್ಕೆ ಬಾಗಿದ.

"ನಂಗೂ ಅದೇ ತಿಳೀಬೇಕು. ಯಾಕೆ ಕಳಿಸ್ತಿದ್ರಿ?"

ಬಸೀಲಿಯಾ ಅವನ ಮುಖ ನೋಡಿದಳು. ಐವರು ನ್ಯಾಯಾಧೀಶರು ಬಂದು ಹೋಗಿದ್ದರು. ಅವಳನ್ನು ಒಂದು ಪ್ರಶ್ನೆ ಕೇಳಿದವನು ಇವನೇ ಮೊದಲು.

"ನಿಮಗೋಸ್ಕರ, ಸ್ವಾಮಿ," ಎಂದಳು.

"ನನಗೋಸ್ಕರವಾ?"

"ನೀವು ಬರೋ ತನಕ ಅವನು ಬದುಕಿರ್ಬೇಕಲ್ಲ. ಅವನು ಸತ್ರೆ ನನ್ನ ಭಯ ಸುಳ್ಳಾಗತ್ತೆ ಅಂದ್ರು. ನಾನು ಬಂದಾಗ ಅವನು ಗಟ್ಟಿಮುಟ್ಟಾಗಿದ್ದ. ನೀವು ಮುಂದಿನ ವರ್ಷ ಅಂದ್ರಿ, ಅವನಿಗೆ ಸಕ್ಕರೆ ಬಂತು. ಮತ್ತೆ ಮುಂದಿನ ವರ್ಷ ಅಂದ್ರಿ, ಕಾಲು ಕೊಳೀತು. ನಾನೇನ್ ಮಾಡ್ಲಿ? ನನ್ನ ಗಂಡನಿಗೆ ಹಚ್ಚಬೇಕಾದ ಬತ್ತೀನೂ ಅವನಿಗೇ ಹಚ್ಚಿದೆ. ನನ್ನ ಶತ್ರೂನ ಒಂಬತ್ತು ವರ್ಷ ಸಾಕೋ ಹಾಗೆ ಮಾಡಿದ್ದು ನೀವು. ಈಗ ಯಾಕೆ ಸಾಕಿದೆ ಅಂತ ನೀವೇ ಕೇಳ್ತೀರ."

ದುಭಾಷಿ ಪೂರ್ತಿ ಹೇಳಿ ಮುಗಿಸುವಾಗ ಅವಳ ದನಿಯೂ ಸ್ವಲ್ಪ ಏರಿತ್ತು. ಬರೆದುಕೊಳ್ಳುತ್ತಿದ್ದ ಗುಮಾಸ್ತೆ ತಲೆ ಎತ್ತಲಿಲ್ಲ. ಗಡಿಯಾರದಲ್ಲಿ ಐದು ನಿಮಿಷ ಉಳಿದಿತ್ತು.

ಹುಡುಗ ಗಂಟಲು ಸರಿಮಾಡಿಕೊಂಡ. "ಇರಬಹುದು ಸ್ವಾಮಿ. ಆದ್ರೆ ಕೊನೇ ಸಾಲು ಮುಖ್ಯ. ಇದು ಆಹ್ವಾನ." ಅವನು ಕಾಗದವನ್ನು ಬೆಳಕಿಗೆ ಹಿಡಿದ. "ಅವಳು ಊರಿಗೆ ಬರಲಿ. ಗಂಡನ ಪಕ್ಕದಲ್ಲಿ ಅವಳ ಜಾಗ ಹಾಗೇ ಇದೆ. ಯಾರಿಗೂ ಕೊಡದೆ ನಾನೇ ಕಾಯುತ್ತಿದ್ದೇನೆ."

ದುಭಾಷಿ ಆ ಸಾಲಿನ ನಡುವೆ ಒಂದು ಕ್ಷಣ ನಿಂತಳು. ಆಮೇಲೆ ಹೇಳಿ ಮುಗಿಸಿದಳು. ತನ್ನದೇ ಭಾಷೆಯಲ್ಲಿ, ಯಾರೋ ಮನೆಯವಳ ದನಿಯಲ್ಲಿ, ಆ ಮಾತು ಬಸೀಲಿಯಾಳ ಕಿವಿಗೆ ಬಿತ್ತು. ಅವಳ ಎರಡೂ ಕೈ ಮೇಜಿನ ಅಂಚು ಹಿಡಿದವು.

"ಊರಲ್ಲಿ ಜಾಗ ಇದೆ, ಕುಟುಂಬ ಇದೆ, ರಾಜಿ ಆಗಿದೆ," ಎಂದು ಹುಡುಗ ಮುಂದುವರಿಸಿದ. "ಇದಕ್ಕೆ ನಿಮ್ಮ ಗಂಡ ಏನಂತಾರೆ?"

"ಏನೂ ಅಂದಿಲ್ಲ," ಎಂದಳು ಬಸೀಲಿಯಾ. "ಹದಿಮೂರು ವರ್ಷದಿಂದ ಒಂದು ಮಾತೂ ಆಡಿಲ್ಲ."

"ಯಾಕೆ? ಜಗಳವಾ?"

ಹಿಂದಿನ ಬೆಂಚಿನಲ್ಲಿ ದೆಲ್ಫೀನಾ ಎದ್ದು ನಿಂತಳು. ಕೋರ್ಟಿನಲ್ಲಿ ಹಾಗೆ ನಿಲ್ಲಬಾರದು. ಯಾರೂ ಅವಳನ್ನು ಕೂರಿಸಲಿಲ್ಲ.

"ನಿಮ್ಮ ಗಂಡ ಎಲ್ಲಿದ್ದಾರೆ?" ಎಂದು ವಿಟ್‌ಲಾಕ್ ಮೆಲ್ಲಗೆ ಕೇಳಿದ.

"ಚಿಲುಮೆ ಮೇಲಿನ ಸ್ಮಶಾನದಲ್ಲಿ, ಸ್ವಾಮಿ. ಇವನೇ ಕಳಿಸಿದ್ದು. ಅವನ ಎಡಕ್ಕೆ ನಂಗೆ ಅಂತ ಒಂದಾಳಿನ ಜಾಗ ಬಿಟ್ಟಿದ್ದಾರೆ, ಎರಡು ಕಲ್ಲಿಟ್ಟು." ಅವಳು ಹುಡುಗನ ಕೈಯ ಕಾಗದ ತೋರಿಸಿದಳು. "ಆ ಜಾಗವನ್ನೇ ಅವನು ಕಾಯ್ತಿರೋದು."

ನ್ಯಾಯಾಧೀಶ ಕಡತ ತೆರೆದ. ಹದಿಮೂರು ವರ್ಷದಲ್ಲಿ ಅದು ನಾಲ್ಕು ಬೆರಳು ದಪ್ಪವಾಗಿತ್ತು. ಅದರಲ್ಲಿ ಮೂರು ಬೆರಳು ಮುಂದೂಡಿದ ನೋಟೀಸುಗಳೇ. ಅವನು ಎಲ್ಲವನ್ನೂ ಮಗುಚಿ ತಳದ ಹಾಳೆಗೆ ಬಂದ. ಅಲ್ಲಿ ಮೊದಲ ದಿನವೇ ಬರೆದಿತ್ತು, ಲೊರೆನ್ಸೋ ಅಹಾನೆಲ್, ಚಿಲುಮೆಯ ಕಾವಲುಗಾರ, ಗುಂಡೇಟಿನಿಂದ ಸಾವು. ಹುಡುಗನೂ ತನ್ನ ಪ್ರತಿಯಲ್ಲಿ ಅದೇ ಹಾಳೆ ಹುಡುಕಿ ಓದಿದ. ಅವನ ಕಿವಿ ಕೆಂಪಾಯಿತು. ಕಾಗದವನ್ನು ಅವನು ಅಂಚು ಹಿಡಿದು ಮೇಜಿನ ಮೇಲಿಟ್ಟ.

ಗಡಿಯಾರ ಸೊನ್ನೆ ಮುಟ್ಟಿ ಕೀರಲು ದನಿಯಲ್ಲಿ ಕೂಗಿತು. ವಿಟ್‌ಲಾಕ್ ಗುಂಡಿ ಹುಡುಕಿದ, ಸಿಗಲಿಲ್ಲ; ಹಿಂದಿನಿಂದ ತಂತಿಯನ್ನೇ ಕಿತ್ತ.

ಆಮೇಲೆ ಮುಕ್ಕಾಲು ಗಂಟೆ ವಿಚಾರಣೆ ನಡೆಯಿತು. ಹೊರಗೆ ಕಾಯುತ್ತಿದ್ದ ಹತ್ತು ಕೇಸಿನವರು ಬೈದುಕೊಂಡಿರಬೇಕು, ಅವರ ಪ್ರಗತಿ ಇನ್ನಷ್ಟು ಮುಂದಕ್ಕೆ ಹೋಯಿತು. ಬಸೀಲಿಯಾ ಕೊಳವೆಯಿಂದ ಹಿಡಿದು ಬೂದಿಯ ತನಕ ಎಲ್ಲ ಹೇಳಿದಳು. ಕೊನೆಗೆ ನ್ಯಾಯಾಧೀಶ, ಇಷ್ಟು ಮೊಹರು ಹಾಕಿದ ಕೊಲೆ ಬೆದರಿಕೆಯನ್ನು ತನ್ನ ವೃತ್ತಿಯಲ್ಲೇ ನೋಡಿಲ್ಲವೆಂದು ಹೇಳಿ, ತಾಯಿಗೂ ಮಗಳಿಗೂ ಆಶ್ರಯ ಕೊಟ್ಟ. ಫೋನಿನ ಡಬ್ಬಿಯೊಳಗೆ ದುಭಾಷಿ ಆ ಮಾತನ್ನು ಎರಡು ಸಲ ಹೇಳಿದಳು, ಒಂದು ಸಲ ಕೋರ್ಟಿಗಾಗಿ, ಇನ್ನೊಂದು ಸಲ ತನ್ನ ಸಂತೋಷಕ್ಕೆ.

ಬಸೀಲಿಯಾಗೆ ಅಳು ಬಂತು. ಗೆದ್ದದ್ದಕ್ಕಲ್ಲ. ತಾನು ಸಾಕಿದ ಮುದುಕ ಏನೂ ಮಾಡಲಿಲ್ಲ, ಕೊನೆಗೆ ಕೇಸು ನಡೆಸಿಕೊಟ್ಟವನು ಮಣ್ಣಿನೊಳಗಿದ್ದ ಲೊರೆನ್ಸೋ ಎಂದು ಅನಿಸಿ ಅತ್ತಳು.

ಹೊರಗೆ ಮೊಗಸಾಲೆಯಲ್ಲಿ ಹಾಲೊರನ್ ಅಪ್ಪಿಕೊಂಡಳು. ಬಿಟ್ಟ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

"ಒಂದು ಸಣ್ಣ ಮಾತು. ಮೇಲ್ಮನವಿ ಹಾಕೋ ಹಕ್ಕನ್ನ ಅವರು ಉಳಿಸ್ಕೊಂಡಿದ್ದಾರೆ. ಮೂವತ್ತು ದಿನ ಟೈಮಿದೆ. ಹಾಕ್ಲಿಕ್ಕಿಲ್ಲ. ಆದ್ರೂ..."

"ಆದ್ರೂ?"

"ಅಲ್ಲೀ ತನಕ ಅವನಿಗೇನೂ ಆಗದಿದ್ರೆ ಒಳ್ಳೇದು."

ದೆಲ್ಫೀನಾ ನಗುವುದೋ ಕಿರುಚುವುದೋ ತಿಳಿಯದೆ ಗೋಡೆಗೆ ಒರಗಿದಳು.

ಅಂದೂ ಮಂಗಳವಾರವೇ. ತಾಯಿ ಮಗಳು ಬಸ್ಸಿಳಿದು ನೇರ ಅಂಗಡಿಗೆ ಹೋದರು. ನಿಕಾಸಿಯೋ ಕೇಳುವ ಮೊದಲೇ ಕೈ ಹಳದಿ ಬತ್ತಿಗೆ ಹೋಗಿತ್ತು.

"ಕರಿಯದೂ ಕೊಡು," ಎಂದಳು ಬಸೀಲಿಯಾ.

ಅವನು ತಿರುಗಿ ನೋಡಿದ. "ಗೆದ್ರಾ ಅಕ್ಕಾ?"

"ಗೆದ್ದೆ. ಇಪ್ಪತ್ಮೂರನೇ ತಾರೀಕಿಗೆ ಪೂರ್ತಿ ಗೆಲ್ತೀನಿ."

ಅವಳು ಹಳದಿ ಬತ್ತಿ ಹಚ್ಚಿ ಸಂತನ ಮುಂದೆ ನಿಲ್ಲಿಸಿದಳು. ಎಂದಿನ ಹಾಗೆ ಉದ್ದಕ್ಕೆ ಬೇಡಿಕೊಳ್ಳಲಿಲ್ಲ. "ಮೂವತ್ತು ದಿನ," ಎಂದಳು. "ಒಂದು ದಿನವೂ ಹೆಚ್ಚು ಬೇಡ. ತೊಮಾಸಾ ಏನಾದ್ರೂ ಕೇಳಿದ್ರೆ ಅಷ್ಟರ ಮಟ್ಟಿಗೆ ತಡೀರಿ." ಆಮೇಲೆ ಪರ್ಸು ತೆರೆದು ಒಂಬತ್ತು ವರ್ಷದ ಸಕ್ಕರೆ ಚೀಟಿಗಳನ್ನೆಲ್ಲ ತೆಗೆದು ಅಂಗಡಿಯ ಕಸದ ಬುಟ್ಟಿಗೆ ಸುರಿದು, ಆ ಜಾಗದಲ್ಲಿ ಕರಿ ಬತ್ತಿಯನ್ನು ಮಲಗಿಸಿ ಜಿಪ್ ಎಳೆದಳು.

"ಅಮ್ಮಾ, ಏಪ್ರಿಲ್ ಇಪ್ಪತ್ಮೂರು ಗುರುವಾರ ಬರತ್ತೆ," ಎಂದಳು ದೆಲ್ಫೀನಾ ಫೋನು ನೋಡುತ್ತ.

ಬಸೀಲಿಯಾ ಗಾಬರಿಯಿಂದ ನಿಕಾಸಿಯೋನ ಕಡೆ ತಿರುಗಿದಳು. "ಗುರುವಾರ ಸಂತ ಅರ್ಜಿ ತಗೋತಾನಾ? ಇಲ್ಲ ಮುಂದಿನ ಮಂಗಳವಾರಕ್ಕೆ ಹಾಕ್ತಾನಾ?"

"ಬನ್ನಿ ಅಕ್ಕಾ," ಎಂದ ನಿಕಾಸಿಯೋ. "ಇಲ್ಲಿ ಯಾವತ್ತೂ ಬಾಕಿ ಇಟ್ಕೊಂಡಿಲ್ಲ."